ಅಮೃತಮ್ಮನ ಆಮೆನ್

ಶಹಾಪುರದ ಆ ಹತ್ತಿ ಮಿಲ್ಲಿನಲ್ಲಿ ಯಂತ್ರ ಶುರುವಾಗುವ ಮುಂಚೆ ಬಾರಿಸುತ್ತಿದ್ದ ಗಂಟೆ ಕೆಟ್ಟು ವರ್ಷವಾಗಿತ್ತು. ಸಾಹುಕಾರ ಬಸವಲಿಂಗ ರಿಪೇರಿ ಮಾಡಿಸಲಿಲ್ಲ. ಯಾಕೆ ಮಾಡಿಸಬೇಕು? ಅಮೃತಮ್ಮ ಇದ್ದಳಲ್ಲ! ದಿನಾ ಬೆಳಿಗ್ಗೆ ಅವಳು ಕಣ್ಣು ಮುಚ್ಚಿ, “ನಮ್ಮ ಕೈಕಾಲು ಕಾಯಪ್ಪಾ ಯೇಸುವೇ” ಎಂದು ಬೇಡಿ, ಗಟ್ಟಿಯಾಗಿ ಆಮೆನ್ ಅನ್ನುವಳು. ಅದನ್ನು ಕೇಳಿ ವಹಾಬ ಸ್ವಿಚ್ ಹಾಕುವನು. ತನ್ನ ಪ್ರಾರ್ಥನೆಗೆ ಇಡೀ ಮಿಲ್ಲು ಕಾಯುತ್ತದೆಂದು ಅವಳಿಗೆ ಒಳಗೊಳಗೇ ಜಂಬ.

ಅವತ್ತೂ ಕಣ್ಣು ಮುಚ್ಚಿಯೇ ಆಮೆನ್ ಅಂದಳು. ಸಗರದ ರೇಣಮ್ಮ ರೋಲರಿಗೆ ಸಿಕ್ಕಿಕೊಂಡ ಹತ್ತಿ ಕೀಳುತ್ತಿದ್ದಳು. ವಹಾಬ ಸ್ವಿಚ್ ಹಾಕಿದ. ಅಯ್ಯೋ, ಮೊಣಕೈತನಕ ಅವಳ ಬಲಗೈ ಹೋಯಿತು.

ಸರ್ಕಾರದ ಅಧಿಕಾರಿ ವಿಚಾರಣೆಗೆ ಬರುವ ಹೊತ್ತಿಗೆ ಹೊಸ ಗಂಟೆ ಗೋಡೆ ಏರಿತ್ತು. ಸಾಹುಕಾರ ಅಮೃತಮ್ಮನನ್ನು ಕರೆದ.

“ನೀ ಸುಳ್ಳು ಹೇಳಾಕಿ ಅಲ್ಲ. ಹೇಳಲೂಬ್ಯಾಡ. ಕೇಳಿದ್ದಕ್ಕಷ್ಟ ಖರೇ ಹೇಳು. ಹೆಚ್ಚಿಗಿ ಬಾಯಿ ಬಿಟ್ಟರ ನಾಳಿಂದ ಕೆಲಸ ಇಲ್ಲ.”

ಎಂಥ ಘಾತುಕ ನೋಡಿ! ಗಂಟೆ ಕೆಟ್ಟಿತ್ತೆಂದು ಅವಳು ಹೇಳಿದರೆ ರೇಣಮ್ಮನಿಗೆ ಪರಿಹಾರ, ಇಲ್ಲದಿದ್ದರೆ ಏನೂ ಇಲ್ಲ. ಆದರೂ ಅಮೃತಮ್ಮನ ಎದೆ ಹಗುರಾಯಿತು. ಸುಳ್ಳಾಡು ಅನ್ನಲಿಲ್ಲವಲ್ಲ, ಅಷ್ಟೇ ಸಾಕು ಎಂದುಕೊಂಡಳು.

“ಆಮೆನ್ ಅಂದವಳು ನೀನೇನಾ?” ಅಧಿಕಾರಿ ಕೇಳಿದ.

“ಹೌದ್ರಿ.”

“ಸುತ್ತ ನೋಡಿ ಅಂದೆಯಾ?”

“ಇಲ್ರಿ. ಕಣ್ಣು ಮುಚ್ಚಿದ್ದೆ.”

“ಅವತ್ತ ಗಂಟಿ ಕೆಟ್ಟಿತ್ರೀ!” ಬಾಗಿಲಲ್ಲಿ ನಿಂತಿದ್ದ ರೇಣಮ್ಮ ಒದರಿದಳು. “ಅಕ್ಕಾ, ಹೇಳಬೇ!”

“ಕೈ ಹೋದ ಸಿಟ್ಟಿಗಿ ಏನೇನೋ ಅನ್ನಾಕತ್ತಾಳ್ರಿ,” ಎಂದ ಸಾಹುಕಾರ.

ಅಧಿಕಾರಿ ಅಮೃತಮ್ಮನ ಮುಖ ನೋಡಿದ. ಬಾಯಿಬಿಟ್ಟು ಏನೂ ಕೇಳಲಿಲ್ಲ. ಅವಳು ನೆಲ ನೋಡಿದಳು. ವಹಾಬನೂ ನೆಲ ನೋಡಿದ. ತಪ್ಪು ಕೆಲಸದವರದೇ ಎಂದು ಬರೆದುಕೊಂಡು ಅಧಿಕಾರಿ ಹೊರಟುಹೋದ. ಒಂದು ಸುಳ್ಳೂ ಆಡದೆ ಅಮೃತಮ್ಮ ತನ್ನ ಕೆಲಸ ಉಳಿಸಿಕೊಂಡಳು.

ಮರುದಿನ ಹೊಸ ಗಂಟೆ ಅಂಗಡಿಗೆ ವಾಪಸ್ಸಾಗಿತ್ತು. ರೇಣಮ್ಮನ ಜಾಗದಲ್ಲಿ ಅವಳ ಮಗಳು ಗುರುದೇವಿ ನಿಂತಿದ್ದಳು. ಮನೆ ನಡೆಯಬೇಕಲ್ಲ. ಪ್ರಾರ್ಥನೆಗೆ ಹೆಂಗಸರು ಯಾರೂ ಕಣ್ಣು ಮುಚ್ಚಲಿಲ್ಲ. ಇವರ ಕೈಕಾಲು ಕಾಯೆಂದು ಅಮೃತಮ್ಮ ಯಾವ ಬಾಯಿಂದ ಬೇಡಿಯಾಳು?

“ಲಗೂ ಆಮೆನ್ ಅನ್ನು, ಹೊತ್ತಾಗಾಕತ್ತದ!” ಸಾಹುಕಾರ ಗದರಿದ.

ಗುರುದೇವಿ ಎರಡೂ ಕೈ ಮೇಲೆತ್ತಿ ತೋರಿಸಿದಳು.

“ದೊಡ್ಡವ್ವ, ನಾ ಕೈ ತೆಗದೀನಿ. ನೋಡಿ ಅನ್ನಬೇ.”

ಅಮೃತಮ್ಮ ಆ ಕೈಗಳನ್ನು ನೋಡಿದಳು. ನೋಡುತ್ತಲೇ ಆಮೆನ್ ಅಂದಳು. ವಹಾಬ ಸ್ವಿಚ್ ಹಾಕಿದ.