ಅಮೋಸನ ನಾಲ್ಕನೇ ಚೆಂಡು

"ತಪ್ಪು ಚೆಂಡು! ಕಣ್ಣಿಗೂ ಮಸಿ ಮೆತ್ಕೊಂಡಿದೀಯೇನ್ಲಾ ಕರಿಯಾ? ನೆಟ್ಟಗೆ ಎಸಿ!"

ಅಂಪೈರ್ ಹಾರ್ಲನ್ ತಂಬಾಕಿನ ರಸ ಪಿಚಕ್ಕನೆ ಉಗಿದ. ಚೆಂಡು ನೂಲು ಹಿಡಿದಂತೆ ಬಂದಿತ್ತು. ಬ್ಯಾಟು ಹಿಡಿದು ನಿಂತ ಗಿರಣಿ ಧಣಿಯ ಮಗ ಅದನ್ನು ಕಂಡೇ ಇರಲಿಲ್ಲ. ಅಲಬಾಮಾದ ಆ ಹತ್ತಿಗಿರಣಿ ಊರಿನಲ್ಲಿ ಬಿಳಿಯನನ್ನು ಔಟು ಮಾಡುವ ಕರಿಯ ಇನ್ನೂ ಹುಟ್ಟಿರಲಿಲ್ಲ. ಹುಟ್ಟಲು ಹಾರ್ಲನ್ ಬಿಡುವವನೂ ಅಲ್ಲ.

ಅಮೋಸ್ ಪೆಟ್ವೇಗೆ ನಲವತ್ತೊಂದು. ಬೇಸ್‌ಬಾಲ್ ಎಸೆಯುತ್ತ ಇಪ್ಪತ್ತು ವರ್ಷ ಸವೆದಿತ್ತು: ಬಸ್ಸಿನಲ್ಲೇ ನಿದ್ದೆ, ಹೋಟೆಲಿನ ಹಿತ್ತಲಲ್ಲಿ ನಿಂತು ಕರಿದ ಮೀನು, ಕುಡಿಯುವ ನೀರಿಗೂ ಬೇರೆ ನಲ್ಲಿ. ಬಿಳಿಯರ ದೊಡ್ಡ ತಂಡಗಳು ಕರಿಯರನ್ನು ಸೇರಿಸಿಕೊಂಡದ್ದೇ ಇಲ್ಲ. ಈಗ ಅಂಥದೊಂದು ತಂಡ ಕರಿಯರನ್ನೂ ನೋಡಿ ಬರಲು ಕಳಿಸಿದ್ದ ಮನುಷ್ಯ ಬೇಲಿಯ ಹಿಂದೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅವನೆದುರು ಒಬ್ಬನಾದರೂ ಔಟಾಗಬೇಕಿತ್ತು: ನೆಟ್ಟಗೆ ಬಂದ ಮೂರು ಚೆಂಡು ಬ್ಯಾಟಿಗೆ ಸಿಗದಿದ್ದರೆ ಔಟು. ಇಂಥ ದಿನ ಮತ್ತೆ ಬರುವುದಿಲ್ಲವೆಂದು ಅಮೋಸನ ಭುಜಕ್ಕೆ ಗೊತ್ತಿತ್ತು.

ಎರಡನೇ ಚೆಂಡು, ಮೂರನೇ ಚೆಂಡು. ಎರಡೂ ನಟ್ಟನಡುವೆ.

"ತಪ್ಪು! ಇನ್ನೊಂದು ತಪ್ಪಾದ್ರೆ ಸಣ್ಣ ಧಣಿ ಪುಕ್ಕಟೆ ಓಡ್ತಾರೆ," ಹಾರ್ಲನ್ ನಕ್ಕ. "ಎಸೆಯಕ್ಕೆ ಬರ್ದಿದ್ರೆ ಕುಣಿಯೋ ಹುಡ್ಗಾ. ನಿಮ್ಮನ್ನ ಕರೆಸಿರೋದೇ ಅದಕ್ಕೆ."

ಅದು ಸುಳ್ಳೇನಲ್ಲ. ಆಟಕ್ಕೆ ಮುಂಚೆ ಬಿಳಿಯರನ್ನು ನಗಿಸಲು ಕರಿಯರ ತಂಡಗಳು ಚೆಂಡಿಲ್ಲದೆ ಆಡಿ ತೋರಿಸಬೇಕಿತ್ತು. ಬರಿಗೈಯಲ್ಲಿ ಎಸೆಯುವುದು, ಬರಿ ಗಾಳಿಯನ್ನು ಹಿಡಿಯುವುದು. ಪಳಗಿದವರು ಆಡಿದರೆ ನೋಡುವವರಿಗೆ ಚೆಂಡು ಕಂಡಂತೆಯೇ ಆಗುತ್ತಿತ್ತು.

ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಲೀಟಸ್, ಅಮೋಸ್ ನಿಂತು ಎಸೆಯುವ ದಿಬ್ಬಕ್ಕೆ ಓಡಿಬಂದ. "ಏನ್ ಮಾಡಾಣ ಅಣ್ಣಾ? ದೇವ್ರೇ ಬಂದು ಎಸುದ್ರೂ ತಪ್ಪು ಅಂತಾನೆ ಈ ಬೋಳಿಮಗ."

"ಆಗ್ಲೇ ಆಡಿದ್ವಲ್ಲ, ಚೆಂಡಿಲ್ದಿರೋ ಆಟ. ಅದನ್ನೇ ಆಡಾಣ."

"ಕೊಂದ್ಹಾಕ್ತಾರೆ ಕಣಣ್ಣಾ!"

"ಗೊತ್ತು. ಹೋಗ್ ಕೂತ್ಕೊ."

ಅಮೋಸ್ ಚೆಂಡನ್ನು ಕೈಗವಸಿನೊಳಗೇ ಬಿಟ್ಟು, ಕಾಲೆತ್ತಿ, ಮೈಯ ಬಲವನ್ನೆಲ್ಲ ತೋಳಿಗೆ ತಂದು ಬೀಸಿದ. ಅತ್ತ ಕ್ಲೀಟಸ್ ಮುಷ್ಟಿಯಿಂದ ಗುದ್ದಿದ ಬರಿ ಗವಸು ಫಟ್ಟೆಂದಿತು.

"ತಪ್ಪು ಚೆಂಡು!" ಹಾರ್ಲನ್ ಕೂಗಿಯೇಬಿಟ್ಟ.

ಅಮೋಸ್ ಗವಸಿನಿಂದ ಚೆಂಡು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಹಗ್ಗದಾಚೆ, ಬಿಸಿಲಲ್ಲಿ ನಿಂತ ಕರಿಯರ ನಡುವೆ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಆಮೇಲೆ ಅಷ್ಟೂ ಜನ ನಕ್ಕರು. ಬೇಲಿಯ ಹಿಂದಿನವನು ಪುಸ್ತಕ ಮಡಚಿ, ಯಾರ ಮುಖವನ್ನೂ ನೋಡದೆ ಕಾರಿನತ್ತ ನಡೆದ. ನೆರಳಿನ ಕಟ್ಟೆಯಿಂದ ಬಿಳಿಯರು ಬ್ಯಾಟು ಹಿಡಿದು ಇಳಿಯತೊಡಗಿದರು.

"ಓಡಣ್ಣಾ!" ಕ್ಲೀಟಸ್ ಕಿರುಚಿದ.

ಅಮೋಸ್ ದಿಬ್ಬ ಬಿಟ್ಟು ಕದಲಲಿಲ್ಲ. ಚೆಂಡಿನ ಹೊಲಿಗೆಯ ಮೇಲೆ ಬೆರಳು ಕೂರಿಸಿ, ಎಲ್ಲರಿಗಿಂತ ಮುಂದೆ ಬರುತ್ತಿದ್ದ ಹಾರ್ಲನ್ನನ ಹಣೆಯನ್ನು ನೋಡಿದ.