ಬನ್ನಿ, ಒಳಗೆ ಬನ್ನಿ

ಆಫೀಸಿನಲ್ಲಿ ಎಲ್ಲರೂ ಅವನನ್ನು ಸೌಂಡಪ್ಪ ಎಂದೇ ಕರೆಯುತ್ತಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರಿಬಿಟ್ಟೀತು ಎಂಬಂತಿದ್ದ ಮನುಷ್ಯನಿಗೆ ಆ ಹೆಸರು ಬಂದದ್ದು ಮಾಡುವ ಕೆಲಸದಿಂದ. ಊರಿನ ವಸ್ತುಸಂಗ್ರಹಾಲಯಕ್ಕಾಗಿ ಅವನೊಂದು ಮೇಜು ತಯಾರು ಮಾಡುತ್ತಿದ್ದ. ಮೇಜಿನ ತುಂಬ ಟಚ್ ಸ್ಕ್ರೀನು. ಅದರೊಳಗೆ, ಬಸ್ ನಿಲ್ದಾಣಕ್ಕಾಗಿ ಎಂದೋ ಕೆಡವಿಹಾಕಿದ ಹಳೆಯ ಬೀದಿಯ ನಕ್ಷೆ. ಬೆರಳಿಟ್ಟು ಸವರುತ್ತ ಹೋದರೆ ಮನೆ ಬಂದ ಕಡೆ ಗಾಜು ಸಣ್ಣಗೆ ಅದುರುತ್ತಿತ್ತು. ಅಲ್ಲಿ ಎರಡು ಸಲ ತಟ್ಟಿದರೆ ಆ ಮನೆಯ ಸದ್ದು ಹೊರಡುತ್ತಿತ್ತು: ಬಡಗಿಯ ಮನೆಯಾದರೆ ಉಜ್ಜುಗೊರಡು, ದರ್ಜಿಯ ಮನೆಯಾದರೆ ಹೊಲಿಗೆ ಯಂತ್ರ. ಕಣ್ಣು ಕಾಣದವರೂ ಆ ಬೀದಿಯಲ್ಲಿ ಓಡಾಡಿ ಬರಬೇಕು ಎಂಬುದು ಯೋಜನೆ.

ಆ ಬೀದಿಯ ಮೂಲೆಯ ಮನೆ ಸೌಂಡಪ್ಪನ ಮನೆಯವರದೇ. ಬೀದಿ ಖಾಲಿಯಾದಾಗ ಅವನಿನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ನೆನಪೆಂದು ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆದರೆ ಅವನ ಚಿಕ್ಕಪ್ಪನಿಗೆ ಆಗ ಟೇಪ್ ರೆಕಾರ್ಡರಿನ ಹುಚ್ಚು. ತಾನು ಹಾಡಿದ್ದನ್ನೆಲ್ಲ ತುಂಬಿಸಿಟ್ಟಿದ್ದ ಒಂದು ಕ್ಯಾಸೆಟ್ಟು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಚಿಕ್ಕಪ್ಪನ ಗಂಟಲಿನ ಹಿಂದೆ, ದೂರದಲ್ಲಿ, ಅಮ್ಮನ ದನಿ ಇತ್ತು. ಸೌಂಡಪ್ಪ ವಾರಗಟ್ಟಲೆ ಕೂತು ಹಾಡನ್ನು ತೊಳೆದು ತೆಗೆದ. ಉಳಿದದ್ದು ಇಷ್ಟೇ: "ಬನ್ನಿ, ಒಳಗೆ ಬನ್ನಿ." ಆಮೇಲೆ ಗೊಜಗೊಜ ಎನ್ನುವ ಒಂದಿಷ್ಟು ಮಾತು. ಅರ್ಥವಾಗುವುದಿಲ್ಲವೆಂದು ಅದನ್ನು ಕತ್ತರಿಸಿಹಾಕಿದ.

ಸಂಗ್ರಹಾಲಯದ ಮೇಡಂಗೆ ಆ ತುಣುಕು ಬಹಳ ಹಿಡಿಸಿತು. ಯಾರು ಮೇಜು ಮುಟ್ಟಿದರೂ ಮೊದಲು ಇದೇ ಕೇಳಲಿ, ಇಡೀ ಬೀದಿಯೇ ಬಾಗಿಲಿಗೆ ಬಂದು ಕರೆದಂತಿದೆ ಎಂದರು. ದನಿ ಯಾರದೆಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಹೇಳಿಕೊಳ್ಳುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ ಎನ್ನಿಸಿತ್ತು. ಮೊದಲ ದಿನ ಅಮ್ಮನ ದನಿ ಕೇಳಿ ಹೆಡ್‌ಫೋನು ಕಳಚಿಟ್ಟು ಹೊರಗೆ ಹೋಗಿ ನಿಂತಿದ್ದವನು, ಈಗ ಅದೇ ದನಿಯ 'ಬ' ಸ್ವಲ್ಪ ಒಡೆದು ಕೇಳುತ್ತದಲ್ಲ ಎಂದಷ್ಟೇ ಯೋಚಿಸುತ್ತಿದ್ದ. ಕೇಳಿ ಕೇಳಿ ಅಮ್ಮ ಸವೆದುಹೋಗಿದ್ದಳು. ಅವನೂ ಸವೆದಿದ್ದ. ಮನೆಗೆ ಬಂದರೆ ನಲ್ಲಿಯ ಸದ್ದೂ ಬೇಡವಾಗುತ್ತಿತ್ತು.

ಉದ್ಘಾಟನೆಗೆ ಎರಡು ದಿನವಿರುವಾಗ ಅಕ್ಕನನ್ನು ಕರೆದುಕೊಂಡು ಬಂದ. ಅಕ್ಕ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಎಳೆಯ ವಯಸ್ಸಿನಲ್ಲೇ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಪೂರ್ತಿ ಹೋಗಿತ್ತು. ಮೇಜು ಕಣ್ಣಿಲ್ಲದವರ ಕೈಗೆ ಒಗ್ಗುತ್ತದೋ ಇಲ್ಲವೋ ಅವಳೇ ನೋಡಿ ಹೇಳಲಿ ಎಂದು ಅವನ ಆಸೆ. ಅವಳು ಕೈಚೀಲವನ್ನು ಕಾಲ ಬಳಿ ಇಟ್ಟು, ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡು, ಗಾಜಿನ ಮೇಲೆ ಕೈ ಇಟ್ಟಳು.

"ಬನ್ನಿ, ಒಳಗೆ ಬನ್ನಿ."

ಅಕ್ಕ ಕೈ ತೆಗೆಯಲಿಲ್ಲ. ಮುಖ ಮಾತ್ರ ಸುಣ್ಣದಂತಾಯಿತು. ಅವನು ಕುರ್ಚಿ ಎಳೆದು ಕೂರಿಸಿದ. ಕೂತವಳೇ, ಮಿಕ್ಕದ್ದು ಎಲ್ಲಿ ಎಂದು ಕೇಳಿದಳು. ಗೊಜಗೊಜ ಇತ್ತು, ತೆಗೆದೆ ಎಂದ.

"ಅಮ್ಮ ಯಾರನ್ನ ಕರೀತಿದ್ದಾಳೆ ಅಂದ್ಕೊಂಡಿದೀಯ ನೀನು?"

"ಯಾರೋ ನೆಂಟರು ಬಂದಿರ್ಬೇಕು."

"ನೆಂಟರು! ಆ ವರ್ಷ ನಮ್ಮನೆ ಹೊಸಿಲು ಒಬ್ಬರೂ ತುಳೀಲಿಲ್ಲ ಕಣೋ. ಅಪ್ಪನ್ನ ಕರೀತಿದ್ದದ್ದು ಅವಳು."

ಆಮೇಲೆ ಅಕ್ಕ ಎಲ್ಲವನ್ನೂ ಹೇಳಿದಳು. ದನಿ ಏರಿಸದೆ, ಯಾರದೋ ಫೋನಿಗೆ ಉತ್ತರ ಕೊಡುವ ಹಾಗೆ. ಜಾಗ ಬಿಡುವುದಿಲ್ಲವೆಂದು ಬೀದಿಯವರೆಲ್ಲ ಒಂದಾಗಿ ಮಾತಾಡಿಕೊಂಡಿದ್ದರಂತೆ. ಮೊದಲು ಹೋಗಿ ಸಹಿ ಹಾಕಿ ಬಂದವನು ಅಪ್ಪ. ಅವಳ ಕಣ್ಣಿನ ಆಪರೇಷನ್ನಿಗೆ ಆ ಪರಿಹಾರದ ದುಡ್ಡು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆದರೆ ಅದನ್ನು ಬೀದಿಯವರ ಮುಂದೆ ಹೇಳಲು ಅವನ ನಾಲಿಗೆ ಏಳಲಿಲ್ಲ. ಬೀದಿ ಮಾತು ಬಿಟ್ಟಿತು. ಅಪ್ಪ ಕತ್ತಲಾದರೂ ಜಗುಲಿಯಿಂದ ಏಳುತ್ತಿರಲಿಲ್ಲ. ಹೋಗಿಬರುವವರಲ್ಲಿ ಒಬ್ಬರಾದರೂ ಮಾತಾಡಿಸಿಯಾರು ಎಂದು ಕಾಯುತ್ತಿದ್ದ. ಚಿಕ್ಕಪ್ಪ ಮನೆಯೊಳಗಿನ ಮೌನ ತಾಳಲಾರದೆ ಹಾಡುತ್ತಿದ್ದ. ಟೇಪಿನ ಗುಂಡಿ ಒತ್ತಿದ್ದವಳು ಅಕ್ಕನೇ. ಆಪರೇಷನ್ ಆಯಿತು, ಕಣ್ಣು ಮಾತ್ರ ದಕ್ಕಲಿಲ್ಲ.

ಅವನಿಗೆ ಆಪರೇಷನ್ನಿನ ವಿಷಯ ಗೊತ್ತಿತ್ತು, ಬೀದಿಯ ವಿಷಯವೂ ಚೂರುಪಾರು ಗೊತ್ತಿತ್ತು. ಎರಡನ್ನೂ ಗಂಟು ಹಾಕಿ ಯಾರೂ ಹೇಳಿರಲಿಲ್ಲ.

"ತೆಗೆದುಬಿಡ್ಲಾ?" ಎಂದು ಕೇಳಿದ. ಅವಳು ತೆಗಿ ಎಂದುಬಿಟ್ಟರೆ ಸಾಕಿತ್ತು. ಒಂದು ಗುಂಡಿ ಒತ್ತಿ ಮನೆಗೆ ಹೋಗಿ ಮಲಗಬಹುದಿತ್ತು.

"ಇಟ್ರೆ ಪೂರ್ತಿ ಇಡು. ಇಲ್ದಿದ್ರೆ ಇಡಲೇಬೇಡ. ಊರಿಗೆಲ್ಲ ಆರತಿ ಎತ್ತೋ ಹಾಗೆ ಅವಳನ್ನ ಬಾಗಿಲಲ್ಲಿ ನಿಲ್ಲಿಸ್ಬೇಡ."

ಮೇಡಂ ಮೊದಲು ಒಪ್ಪಲಿಲ್ಲ. ಜನ ನಗುನಗುತ್ತ ಬರುವ ಜಾಗದಲ್ಲಿ ಇದೆಲ್ಲ ಯಾಕೆ, ಕೊನೆ ಗಳಿಗೆಯಲ್ಲಿ ಏನಿದು ರಗಳೆ ಎಂದರು. ಅದು ನಮ್ಮಮ್ಮನ ದನಿ ಮೇಡಂ ಎಂದ ಸೌಂಡಪ್ಪ. ಅವರು, ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು ಹೇಳಿ ಬಾಗಿಲು ಮುಂದಕ್ಕೆಳೆದುಕೊಂಡು ಹೋದರು.

ಕತ್ತರಿಸಿ ಎಸೆದದ್ದನ್ನು ಹುಡುಕಿ ತಂದ. ಗೊಜಗೊಜ ಎಂದುಕೊಂಡಿದ್ದ ಕಡೆ, ಅಕ್ಕ ಹೇಳಿದ ಮೇಲೆ ಕೇಳಿದರೆ, ಮಾತು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಬಂತು. "ಬನ್ನಿ, ಒಳಗೆ ಬನ್ನಿ. ಯಾರೂ ಬರಲ್ಲ. ಅವರು ಮಾತಾಡದಿದ್ರೆ ಬಿಡ್ಲಿ, ನಾನಿಲ್ವಾ?" ಅದನ್ನು ಎಲ್ಲರ ಮುಂಬಾಗಿಲಿನಿಂದ ತೆಗೆದು ಮೂಲೆಯ ಮನೆಗೆ ಮಾತ್ರ ಸೇರಿಸಿದ.

ಉದ್ಘಾಟನೆಯ ದಿನ ಅಕ್ಕನೂ ಬಂದಿದ್ದಳು. ಜನ ಮುಗಿಬಿದ್ದರು. ಮಕ್ಕಳು ಎಲ್ಲ ಮನೆಗಳನ್ನೂ ಒಟ್ಟಿಗೆ ತಟ್ಟಿ ಬೀದಿಯನ್ನು ಸಂತೆ ಮಾಡಿದರು. ಗದ್ದಲ ಇಳಿದ ಮೇಲೆ ಒಬ್ಬ ಮುದುಕಿ ಮೊಮ್ಮಗಳ ತೋಳು ಹಿಡಿದುಕೊಂಡು ಮಾತಾಡುತ್ತ ಬಂದಳು. ದನಿ ಕೇಳಿದ್ದೇ ಅಕ್ಕ ಗುರುತು ಹಿಡಿದಳು: ಎದುರುಮನೆಯ ಬಡಗಿಯ ಹೆಂಡತಿ. ಮುದುಕಿ ತನ್ನ ಮನೆಯ ಉಜ್ಜುಗೊರಡು ಕೇಳಿ ನಕ್ಕಳು. ಆಮೇಲೆ ಬೆರಳು ಬೀದಿ ದಾಟಿ ಮೂಲೆಯ ಮನೆಗೆ ಬಂತು. ಅಮ್ಮ ಮಾತಾಡಿ ಮುಗಿಸುವ ತನಕ ಅವಳು ಅಲ್ಲಾಡಲಿಲ್ಲ.

ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಮುದುಕಿ ಗುರುತು ಹಿಡಿದು ಬಂದು ಎದುರಿಗೆ ನಿಂತಳು.

"ಅವತ್ತೂ ಕೇಳಿಸ್ತು ನಮಗೆ," ಎಂದಳು. "ಬಾಗಿಲು ಹಾಕ್ಕೊಂಡು ಕೂತಿದ್ವಿ."

"ಗೊತ್ತು ಅತ್ತೆ. ನೀವು ಅಗುಳಿ ಹಾಕಿದ ಸದ್ದು ನನಗೂ ಕೇಳಿಸಿತ್ತು."

ಸೌಂಡಪ್ಪ ಇನ್ನೊಂದು ಕುರ್ಚಿ ತಂದಿಟ್ಟ. ಮುದುಕಿ ಕೂತಳು. ಅಪ್ಪ ಯಾಕೆ ಸಹಿ ಹಾಕಿದನೆಂದು ಅಕ್ಕ ಹೇಳಬಹುದು ಎಂದು ಅವನು ಕಾದ, ಅವಳು ಹೇಳಲಿಲ್ಲ. ತಾನೇ ಹೇಳಲೇ ಎಂದು ಬಾಯಿ ತೆರೆದವನು, ಅದು ತನ್ನ ಮಾತಲ್ಲ ಎನ್ನಿಸಿ ಸುಮ್ಮನಾದ. ಮುದುಕಿಯ ಕೈ ಮಾತ್ರ ಅಕ್ಕನ ಮಣಿಕಟ್ಟಿನ ಮೇಲಿತ್ತು. ಅಕ್ಕ ಅದನ್ನು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

ಅಷ್ಟರಲ್ಲಿ ಯಾರೋ ಮತ್ತೆ ಮೂಲೆಯ ಮನೆ ತಟ್ಟಿದರು. ಈಗಲಾದರೂ ತನ್ನ ಕಣ್ಣು ತುಂಬೀತೇ ಎಂದು ಅವನು ನೋಡಿದ. ತುಂಬಲಿಲ್ಲ. 'ಬ' ಒಡೆದೇ ಕೇಳುತ್ತಿತ್ತು. ಬಸ್ಸು ತಪ್ಪುತ್ತೆ, ಹೋಗೋಣ ಎಂದು ಅಕ್ಕ ಏಳುತ್ತ ಅವನ ಭುಜಕ್ಕೆ ಕೈ ಹಾಕಿದಳು. ಮೇಡಂಗೆ ಹೇಳಿ, ಅವಳ ಕೈಚೀಲ ಎತ್ತಿಕೊಂಡು, ಅವನು ಹೊರಗೆ ನಡೆದ.