ನಿನ್ನೆ ಬಿದ್ದ ಮಳೆ

ಕಂಪ್ಯೂಟರಿನ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಸೇತುವೆಯ ಬಳಿ ನದಿ ನಿಜವಾಗಿ ಏರಿದ್ದು ನೀಲಿ ಗೆರೆ. ಮೇಲಿನ ಐದು ಊರುಗಳ ಮಳೆ ನೋಡಿ ನದಿ ಇಷ್ಟು ಏರೀತು ಎಂದು ಲೆಕ್ಕ ಹೇಳಿದ್ದು ಕೆಂಪು ಗೆರೆ. ಈ ಕೆಂಪಮ್ಮ ಮೂರು ದೊಡ್ಡ ಪ್ರವಾಹಗಳಲ್ಲಿ ಎರಡಕ್ಕೆ ಒಂದು ದಿನ ಮೊದಲೇ ಬಂದು ಕೂರುತ್ತಿದ್ದಳು.

"ನಿಮ್ಮ ಗೆರೆಗೆ ಬಹಳ ಅವಸರ ಕಣಮ್ಮ," ಎಂದರು ಸಾಹೇಬರು. "ಒಂದು ದಿನ ತಡ ಅಂತ ಸೇರಿಸಿಬಿಡಿ, ಸರಿಹೋಗುತ್ತೆ. ಶುಕ್ರವಾರದೊಳಗೆ ಆಗದಿದ್ರೆ ಇದನ್ನ ಗಂಟು ಕಟ್ಟಿ ಅಟ್ಟಕ್ಕೆ ಹಾಕೋದೇ."

ಕಚೇರಿಯವರೆಲ್ಲ ಗೆರೆಯಕ್ಕ ಎಂದು ಕರೆಯುತ್ತಿದ್ದ ಆ ಇಂಜಿನಿಯರ್ ತಲೆಯಾಡಿಸಿದಳು. "ಆಗಲ್ಲ ಸರ್. ಹತ್ತಿರದಲ್ಲೇ ಮಳೆ ಸುರಿದ ದಿನ, ನೀರು ಮನೆಯೊಳಗೆ ಬಂದ ಮೇಲೆ ನಮ್ಮ ಎಚ್ಚರಿಕೆ ಹೋಗುತ್ತೆ."

ಸೇತುವೆಯ ಕೆಳಗಿನ ಬೀದಿಯಲ್ಲಿ ನಲವತ್ತು ಮನೆಗಳು. ಹಿಂದಿನ ಸಲ ಅವರಿಗೆ ಸಿಕ್ಕಿದ್ದು ಬರೀ ಅರ್ಧ ಗಂಟೆ.

ಅವಳು ಒಂದೊಂದೇ ಊರಿನ ಮಳೆ ತೆಗೆದು ನೋಡಿದಳು. ಎಲ್ಲಕ್ಕಿಂತ ಮೇಲಿನ ಊರನ್ನು ಬಿಟ್ಟಾಗ ಅವಸರ ನಿಂತಿತು, ಆದರೆ ಗೆರೆ ಗಿಡ್ಡವಾಯಿತು. ಗುರುವಾರ ಬೆಳಿಗ್ಗೆ ಆ ಊರಿಗೆ ಮೊದಲ ಬಸ್ಸು ಹಿಡಿದಳು.

ಅಲ್ಲಿ ಮಳೆ ಅಳೆಯುತ್ತಿದ್ದವರು ನಿವೃತ್ತ ಟೀಚರಮ್ಮ. ಮಳೆಮಾಪಕಕ್ಕೆ ಅಡ್ಡವಾದೀತೆಂದು ಕೊಡೆಯಿಲ್ಲದೆ, ನೆನೆದುಕೊಂಡೇ ಅಳೆಯುತ್ತಿದ್ದರು. ಬಂದವಳ ಕೈಗೆ ಮೊದಲು ಒಣ ಟವೆಲ್ ಕೊಟ್ಟರು, ಆಮೇಲೆ ಮಳೆಯ ಲೆಕ್ಕ ಬರೆದಿಡುವ ಪುಸ್ತಕ.

"ಬೆಳಿಗ್ಗೆ ಅಳೆದದ್ದಕ್ಕೆ ನಿನ್ನೆಯ ತಾರೀಕು ಯಾಕೆ ಹಾಕಿದ್ದೀರಿ ಟೀಚರ್?"

"ಮಳೆ ಬಿದ್ದದ್ದು ನಿನ್ನೆ ತಾನೇ? ಇವತ್ತಿಂದು ಅಂತ ಬರೆದರೆ ಸುಳ್ಳಾಗಲ್ವೇನೆ, ಮಗಳೇ?"

ಗೆರೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಉಳಿದ ನಾಲ್ಕು ಊರಿನವರೂ ಅಳೆದ ದಿನದ ತಾರೀಕನ್ನೇ ಬರೆಯುತ್ತಿದ್ದರು. ಅವಳು ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಟೀಚರಮ್ಮನ ಹನ್ನೊಂದು ವರ್ಷದ ಮಳೆಯನ್ನು ಒಂದೊಂದು ದಿನ ಮುಂದಕ್ಕೆ ಸರಿಸಿದಳು. ಎರಡು ಪ್ರವಾಹ ಹೇಳಿ ಮಾಡಿಸಿದಂತೆ ಕೂತವು. ಮೊದಲು ಸರಿಯಾಗಿದ್ದ ಮೂರನೆಯದರಲ್ಲಿ ಈಗ ಕೆಂಪಮ್ಮ ಒಂದು ದಿನ ತಡ.

ಟೀಚರಮ್ಮ ಕನ್ನಡಕ ಏರಿಸಿ ಆ ವರ್ಷದ ಪುಟ ತಿರುವಿದರು. "ಇದು ನನ್ನ ಅಕ್ಷರ ಅಲ್ಲ. ಕಾಗೆ ಕಾಲು ನೋಡು, ನನ್ನ ಮೈದುನಂದು. ನನಗೆ ಜ್ವರ ಬಂದಾಗೆಲ್ಲ ಅವನೇ ಅಳೀತಿದ್ದ."

"ಅವರು ಯಾವ ತಾರೀಕು ಹಾಕ್ತಿದ್ರು?"

"ಅಳೆದ ದಿನದ್ದು. ನಾನು ಬೈದಿದ್ದೇ ಬೈದಿದ್ದು, ಪಾಪ!"

ಹಾಗಾದರೆ ಪುಟ ಪುಟವನ್ನೂ ನೋಡಲೇಬೇಕು. ಕೊನೆಯ ಬಸ್ಸಿಗೆ ನಾಲ್ಕು ಗಂಟೆಯಿತ್ತು. ಟೀಚರಮ್ಮ ಅಕ್ಷರ ನೋಡಿ "ನಂದು", "ಅವನದು" ಎಂದು ಹೇಳುತ್ತಾ ಹೋದರು, ಗೆರೆಯಕ್ಕ ಗುರುತು ಹಾಕುತ್ತಾ ಹೋದಳು. ನಡುವೆ ಮೈದುನ ಬಂದು ಇಣುಕಿ, ಇಬ್ಬರಿಗೂ ಚಹಾ ಇಟ್ಟು ಹೋದರು.

ಕೊನೆಯ ಪುಟ ಮುಗಿಸಿ ಲೆಕ್ಕ ಓಡಿಸಿದಳು. ಕೆಂಪು ಗೆರೆ ನೀಲಿಯ ಹೆಗಲಿಗೆ ಹೆಗಲು ಕೊಟ್ಟು ಏರಿತು, ಮೂರು ಸಲವೂ. ಕೆಳಗಿನ ಬೀದಿಗೆ ಒಂಬತ್ತು ಗಂಟೆ ಮೊದಲೇ ಹೇಳಬಹುದಿತ್ತು.

"ನಾಳೆ ಸಾಹೇಬರ ಮೇಜಿನ ಮೇಲೆ ಇದು ಇರುತ್ತೆ," ಎಂದು ಎದ್ದಳು.

"ನಾಳೆಯಿಂದ ನಾನೂ ಅಳೆದ ದಿನದ್ದೇ ಬರೀತೀನಿ," ಎಂದರು ಟೀಚರಮ್ಮ. ಮತ್ತೆ ಮೈದುನನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಬೈದದ್ದನ್ನ ಮಾತ್ರ ಇವತ್ತೇ ವಾಪಸ್ ತಗೋಬೇಕು."